ಕಾಣದುದನ್ನು ಕಾಣಿಸಿದ ವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ

ನೋಡುವುದಕ್ಕೆ ಬೆಳಕೊಂದಿದ್ದರೆ ಸಾಕೆಂಬುದು ಲೋಕರೂಢಿಯ ನಂಬಿಕೆ. ಆದರೆ ಬೆಳಕು ಧಾರಾಳವಾಗಿದ್ದೂ, ಕಣ್ಣು ನಿರ್ದೋಷವಾಗಿದ್ದೂ, ಎದುರಿಗಿರುವ ವಸ್ತು ಕಾಣದೆ ಹೋಗುವ ಸಂದರ್ಭಗಳುಂಟು. ತಿಳಿನೀರಿನ ಪಾತ್ರೆಯಲ್ಲಿ ಮುಳುಗಿರುವ ಗಾಜಿನ ಚೂರಿನ ಇರವು ಅನೇಕ ವೇಳೆ ಕೈಗೆ ತಾಗಿ ನೆತ್ತರು ಬಂದ ಮೇಲೆಯೇ ಗೊತ್ತಾಗುತ್ತದೆ. ನೀರೂ ಪಾರದರ್ಶಕ, ಗಾಜೂ ಪಾರದರ್ಶಕ. ಒಂದರಿಂದ ಮತ್ತೊಂದನ್ನು ಬೇರ್ಪಡಿಸಿ ತೋರಿಸುವ ವೈದೃಶ್ಯ ಅಲ್ಲಿ ಇಲ್ಲ. ಜೀವಂತ ಜೀವಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಹಿಂದಿನ ತಲೆಮಾರುಗಳ ಜೀವವಿಜ್ಞಾನಿಗಳಿಗೆ ಒದಗಿದ್ದ ಕಷ್ಟವೂ ಇದೇ. ಮಸೂರಗಳ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಕೋಶದ ಒಳಗಿನ ವಿವರಗಳು ತಿಳಿನೀರಿನಲ್ಲಿನ ಗಾಜಿನಂತೆ ಮರೆಯಾಗಿಯೇ ಉಳಿಯುತ್ತಿದ್ದವು. ಈ ತೊಡಕನ್ನು ಬಿಡಿಸಿ, ಪಾರದರ್ಶಕ ವಸ್ತುವನ್ನು ಕಣ್ಣಿಗೆ ಕಾಣಿಸುವ ವಿಧಾನವನ್ನು ಕಂಡುಹಿಡಿದು, 1953ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಏಕಾಂಗಿಯಾಗಿ ಪಡೆದವರು ಹಾಲೆಂಡ್ ದೇಶದ ಫ್ರಿಟ್ಸ್ ಜೆರ್ನಿಕೆ. ಅವರು ತೋರಿದ ದಾರಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿಯೇ ನಿಲ್ಲದೆ, ಅವರ ಕಾಲಾನಂತರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದವರೆಗೂ ಸಾಗಿತು.

ಮನೆಯೇ ಮೊದಲ ಪಾಠಶಾಲೆ

ಜೆರ್ನಿಕೆಯವರು 1888ನೆಯ ಇಸವಿ ಜುಲೈ 16ರಂದು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಜನಿಸಿದರು. ತಂದೆ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯರು. ತಾಯಿಯೂ ಗಣಿತ ಬೋಧಿಸುತ್ತಿದ್ದವರು. ಉಪಾಧ್ಯಾಯರ ಮನೆಯಲ್ಲಿ ಸಿರಿ ತುಂಬಿ ತುಳುಕುವುದು ಎಲ್ಲಿಯೂ ಅಪರೂಪ. ಆದರೆ ವಿದ್ಯೆಗೆ ಆ ಮನೆಯಲ್ಲಿ ಬಡತನವಿರಲಿಲ್ಲ. ತಂದೆತಾಯಿಗಳೊಡನೆ ಕುಳಿತು ಕಠಿಣವಾದ ಗಣಿತದ ಲೆಕ್ಕಗಳನ್ನು ಬಿಡಿಸುವುದು ಬಾಲಕ ಫ್ರಿಟ್ಸನಿಗೆ ಆಟದಷ್ಟೇ ಪ್ರಿಯವಾಗಿತ್ತು. ಅದೇ ಮನೆಯಲ್ಲಿ ಬೆಳೆದ ಸೋದರಿಯರಲ್ಲಿ ಎಲಿಜಬೆತ್ ಕಾದಂಬರಿಗಾರ್ತಿಯಾಗಿ ಹೆಸರಾದರು. ಆನೆ ಎಂಬಾಕೆ 1911ರಲ್ಲಿ ಆ ದೇಶದ ಚರ್ಚಿನಲ್ಲಿ ಧರ್ಮೋಪದೇಶಕಿಯಾಗಿ ದೀಕ್ಷೆ ಪಡೆದ ಪ್ರಥಮ ಮಹಿಳೆ ಎನಿಸಿಕೊಂಡರು.

ಪ್ರೌಢಶಾಲೆಯಲ್ಲಿ ಫ್ರಿಟ್ಸನ ಮನಸ್ಸೆಲ್ಲ ವಿಜ್ಞಾನದ ಕಡೆಗೇ ಹರಿದಿತ್ತು. ಕೈಗೆ ಬರುತ್ತಿದ್ದ ಅಲ್ಪ ಹಣವನ್ನು ಗಾಜಿನ ನಳಿಕೆ, ಮೂಸೆ, ರಾಸಾಯನಿಕಗಳಿಗೇ ವ್ಯಯ ಮಾಡುತ್ತಿದ್ದ ಹುಡುಗ, ಛಾಯಾಗ್ರಹಣಕ್ಕೆ ಬೇಕಾದ ಈಥರನ್ನು ಕೊಳ್ಳಲು ಹಣ ಸಾಲದಾದಾಗ ಅದನ್ನು ತಾನೇ ತಯಾರಿಸಿಕೊಂಡ. ಹಳೆಯ ಗ್ರಾಮೊಫೋನಿನ ಚಾಲಕ ಯಂತ್ರವನ್ನು ಅಳವಡಿಸಿ ಪುಟ್ಟ ಖಗೋಳ ವೀಕ್ಷಣಾಲಯವೊಂದನ್ನು ಕಟ್ಟಿ, ಧೂಮಕೇತುವಿನ ಛಾಯಾಚಿತ್ರವನ್ನೂ ತೆಗೆದ. ಇಲ್ಲದುದಕ್ಕಾಗಿ ಕೊರಗದೆ, ಇದ್ದುದರಲ್ಲಿಯೇ ಉಪಕರಣವನ್ನು ರೂಪಿಸಿಕೊಳ್ಳುವ ಈ ಗುಣ ಅವರ ಜೀವನದ ಕೊನೆಯವರೆಗೂ ಉಳಿಯಿತು.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರಸಾಯನವಿಜ್ಞಾನವನ್ನು ಪ್ರಧಾನ ವಿಷಯವಾಗಿಯೂ, ಗಣಿತ ಮತ್ತು ಭೌತವಿಜ್ಞಾನಗಳನ್ನು ಪೂರಕ ವಿಷಯಗಳಾಗಿಯೂ ಅವರು ವ್ಯಾಸಂಗ ಮಾಡಿದರು. ವಿದ್ಯಾರ್ಥಿಯಾಗಿದ್ದಾಗಲೇ ಸಂಭಾವ್ಯತೆಯನ್ನು ಕುರಿತ ಪ್ರಬಂಧಕ್ಕೆ ಗ್ರೋನಿಂಗನ್ ವಿಶ್ವವಿದ್ಯಾಲಯದ ಚಿನ್ನದ ಪದಕ ದೊರೆಯಿತು. 1912ರಲ್ಲಿ ಹಾರ್ಲೆಮ್ ನಗರದ ಡಚ್ ವಿಜ್ಞಾನ ಸಂಘವು ಅವರ ಮತ್ತೊಂದು ಪ್ರಬಂಧವನ್ನು ಪುರಸ್ಕರಿಸಿತು. ಪದಕ ಬೇಕೋ, ಅದರ ಬೆಲೆಯ ಹಣ ಬೇಕೋ ಎಂದು ಕೇಳಿದಾಗ, ತರುಣ ಜೆರ್ನಿಕೆ ಸಂಕೋಚವಿಲ್ಲದೆ ಹಣವನ್ನೇ ಆರಿಸಿಕೊಂಡರು. ಆ ಪ್ರಬಂಧದ ವಿಷಯವಾದ ಕ್ರಾಂತಿಕ ಮಬ್ಬು, ಅಂದರೆ ತಿಳಿಯಾದ ದ್ರವವೊಂದು ನಿರ್ದಿಷ್ಟ ಉಷ್ಣತೆ ಮತ್ತು ಒತ್ತಡಗಳಲ್ಲಿ ಇದ್ದಕ್ಕಿದ್ದಂತೆ ಹಾಲಿನಂತೆ ಬೆಳ್ಳಗಾಗುವ ವಿದ್ಯಮಾನವೇ, 1915ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯನ್ನೂ ತಂದಿತು. ಪಾರದರ್ಶಕ ವಸ್ತುವಿನಲ್ಲಿ ಬೆಳಕು ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆ ಹೀಗೆ ತಾರುಣ್ಯದಿಂದಲೇ ಅವರನ್ನು ಹಿಡಿದಿತ್ತು.

ಗ್ರೋನಿಂಗನ್ ನಗರದಲ್ಲಿ

1913ರಲ್ಲಿ ಪ್ರಸಿದ್ಧ ಖಗೋಳವಿಜ್ಞಾನಿ ಕಾಪ್ಟೈನ್ ಅವರು ಜೆರ್ನಿಕೆಯವರನ್ನು ತಮ್ಮ ಸಹಾಯಕರನ್ನಾಗಿ ಗ್ರೋನಿಂಗನ್ ನಗರಕ್ಕೆ ಬರಮಾಡಿಕೊಂಡರು. ಅಲ್ಲಿಗೆ ಹೋದ ಜೆರ್ನಿಕೆ 1958ರಲ್ಲಿ ನಿವೃತ್ತರಾಗುವವರೆಗೆ ನಾಲ್ವತ್ತೈದು ವರ್ಷಗಳ ಕಾಲ ಆ ವಿಶ್ವವಿದ್ಯಾಲಯವನ್ನು ಬಿಡಲಿಲ್ಲ. 1914ರಲ್ಲಿ ಅಲ್ಲಿನ ಲೆಯೊನಾರ್ಡ್ ಓರ್ನ್‌ಸ್ಟೈನ್ ಅವರೊಡಗೂಡಿ ದ್ರವಗಳಲ್ಲಿ ಅಣುಗಳ ಸಾಂದ್ರತೆ ಸ್ಥಳದಿಂದ ಸ್ಥಳಕ್ಕೆ ಏರಿಳಿಯುವ ಬಗೆಯನ್ನು ವಿವರಿಸುವ ಸಮೀಕರಣವನ್ನು ರಚಿಸಿದರು. ಆ ಸಮೀಕರಣ ಇಬ್ಬರ ಹೆಸರಿನಲ್ಲಿಯೂ ಇಂದಿಗೂ ಬಳಕೆಯಲ್ಲಿದೆ. ಮರುವರ್ಷ ಓರ್ನ್‌ಸ್ಟೈನ್ ಅವರಿಂದ ತೆರವಾದ ಉಪನ್ಯಾಸಕ ಸ್ಥಾನ ಜೆರ್ನಿಕೆಯವರಿಗೆ ಬಂದಿತು. 1920ರಲ್ಲಿ ಅವರು ಪ್ರಾಧ್ಯಾಪಕರಾದರು.

ಸೈದ್ಧಾಂತಿಕ ಭೌತವಿಜ್ಞಾನದ ಪೀಠದಲ್ಲಿದ್ದರೂ ಅವರ ಕೈಗಳು ಉಪಕರಣಗಳನ್ನು ಬಿಟ್ಟಿರಲಿಲ್ಲ. ಅತಿ ಕ್ಷೀಣವಾದ ವಿದ್ಯುತ್ ಪ್ರವಾಹವನ್ನು ಅಳೆಯುವ ಗ್ಯಾಲ್ವನೊಮೀಟರ್ ಒಂದನ್ನು ಅವರು ರೂಪಿಸಿದರು; ಡೆಲ್ಫ್ಟ್ ನಗರದ ಕಿಪ್ ಸಂಸ್ಥೆ ಅದನ್ನು ತಯಾರಿಸಿ ಮಾರಾಟಕ್ಕೆ ತಂದಿತು. ಲೆಕ್ಕದ ಹಾಳೆಗೂ ಪ್ರಯೋಗದ ಮೇಜಿಗೂ ನಡುವೆ ಗೋಡೆ ಇರಬಾರದೆಂಬುದನ್ನು ಜೆರ್ನಿಕೆ ಮಾತಿನಲ್ಲಿ ಸಾರದೆ ಕೆಲಸದಲ್ಲಿ ತೋರಿದರು.

ದೋಷದಲ್ಲಿ ದೊರೆತ ನಿಧಿ

1930ರ ಸುಮಾರಿಗೆ ಗ್ರೋನಿಂಗನ್ ಪ್ರಯೋಗಶಾಲೆಗೆ ಒಂದು ದೊಡ್ಡ ನಿಮ್ನ ಗ್ರೇಟಿಂಗ್ ಬಂದಿತು. ಒಳಬಾಗಿದ ಲೋಹದ ಕನ್ನಡಿಯ ಮೇಲೆ ಒತ್ತೊತ್ತಾಗಿ ಸಮಾಂತರ ಗೆರೆಗಳನ್ನು ಕೊರೆದ ಈ ಸಾಧನ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸುತ್ತದೆ. ಗೆರೆ ಕೊರೆಯುವ ಯಂತ್ರದ ತಿರುಪಿನಲ್ಲಿ ಅಲ್ಪ ದೋಷವಿದ್ದರೂ ಅದು ಗೆರೆಗಳ ಅಂತರದಲ್ಲಿ ಮತ್ತೆ ಮತ್ತೆ ಮರುಕಳಿಸಿ, ರೋಹಿತದ ನಿಜವಾದ ರೇಖೆಗಳ ಇಕ್ಕೆಲದಲ್ಲಿ ಹುಸಿರೇಖೆಗಳನ್ನು ಮೂಡಿಸುತ್ತದೆ. ಇವುಗಳಿಗೆ ವಿಜ್ಞಾನಿಗಳು ಭೂತಗಳೆಂದೇ ಹೆಸರಿಟ್ಟಿದ್ದರು. ಅನ್ಯರು ಉಪದ್ರವವೆಂದು ತಳ್ಳಿಬಿಟ್ಟ ಈ ಭೂತಗಳನ್ನು ಜೆರ್ನಿಕೆ ಗಮನವಿಟ್ಟು ನೋಡತೊಡಗಿದರು. ಗ್ರೇಟಿಂಗಿನ ಮೇಲ್ಮೈ ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. ಸುಮಾರು ಆರು ಮೀಟರ್ ದೂರದಲ್ಲಿದ್ದ ಆ ಮೇಲ್ಮೈಯನ್ನು ಅವರು ಒಂದು ಚಿಕ್ಕ ದೂರದರ್ಶಕದ ಮೂಲಕ ನೋಡಿದರು. ಪಟ್ಟೆಗಳು ಸ್ಪಷ್ಟವಾದವು, ಆದರೆ ದೂರದರ್ಶಕವನ್ನು ಮೇಲ್ಮೈಗೆ ಸರಿಯಾಗಿ ಹೊಂದಿಸಿದ ಕ್ಷಣದಲ್ಲಿಯೇ ಅವು ಮಾಯವಾದವು! ಚಿತ್ರ ತೀಕ್ಷ್ಣವಾಗಬೇಕಾದ ಸ್ಥಾನದಲ್ಲಿ ಅದು ಇಲ್ಲವೇ ಆಗುವುದೆಂದರೇನು? ಈ ಪ್ರಶ್ನೆಯೇ ಅವರ ಜೀವಮಾನದ ಶೋಧಕ್ಕೆ ಬಾಗಿಲಾಯಿತು.

ಉತ್ತರ ಬೆಳಕಿನ ತರಂಗಸ್ವರೂಪದಲ್ಲಿತ್ತು. ತರಂಗಕ್ಕೆ ಎರಡು ಗುಣಗಳುಂಟು: ಅದರ ಎತ್ತರ ಒಂದು, ಅದರ ಏರಿಳಿತದ ವೇಳೆ ಮತ್ತೊಂದು. ಈ ಎರಡನೆಯದಕ್ಕೆ ಪ್ರಾವಸ್ಥೆ ಎಂದು ಹೆಸರು. ಭಜನೆಯಲ್ಲಿ ತಾಳ ಹಾಕುವ ಇಬ್ಬರಲ್ಲಿ ಒಬ್ಬ ಕೊಂಚ ತಡವಾಗಿ ಹೊಡೆದರೆ ಕಿವಿ ಆ ಕೂಡಲೇ ಹಿಡಿಯುತ್ತದೆ. ಆದರೆ ಕಣ್ಣಿಗೆ ಬೆಳಕಿನ ತಾಳ ತಿಳಿಯದು. ಅದರ ಬಲ ಮಾತ್ರ ತಿಳಿಯುತ್ತದೆ. ಬಣ್ಣವುಳ್ಳ ವಸ್ತು ಬೆಳಕನ್ನು ಹೀರಿ ತರಂಗದ ಎತ್ತರವನ್ನು ತಗ್ಗಿಸುವುದರಿಂದ ನಮಗೆ ಕಾಣುತ್ತದೆ. ಪಾರದರ್ಶಕವಾದ ಜೀವಕೋಶ ಬೆಳಕನ್ನು ಹೀರುವುದಿಲ್ಲ, ತುಸು ತಡಮಾಡಿ ಕಳುಹಿಸುತ್ತದೆ, ಅಷ್ಟೆ. ಸುದ್ದಿಯೇನೋ ಬೆಳಕಿನೊಡನೆ ಬಂದಿರುತ್ತದೆ; ಓದುವ ಶಕ್ತಿ ಕಣ್ಣಿಗಿಲ್ಲ.

ಯೆನಾ ನಗರದ ಅರ್ನ್‌ಸ್ಟ್ ಅಬ್ಬೆ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿದ್ದಂತೆ, ಸೂಕ್ಷ್ಮದರ್ಶಕದ ಬಿಂಬವು ವಸ್ತುವಿನ ಮೂಲಕ ನೇರವಾಗಿ ಬಂದ ಬೆಳಕು ಮತ್ತು ವಸ್ತುವಿನಿಂದ ವಿವರ್ತನೆಗೊಂಡು ಚದುರಿದ ಬೆಳಕು ಇವೆರಡರ ಕೂಡುವಿಕೆಯಿಂದ ಉಂಟಾಗುತ್ತದೆ. ಪಾರದರ್ಶಕ ವಸ್ತುವಿನಲ್ಲಿ ಚದುರಿದ ತರಂಗವು ನೇರ ತರಂಗಕ್ಕಿಂತ ಕಾಲು ಆವರ್ತದಷ್ಟು ಹಿಂದೆ ಬಿದ್ದಿರುತ್ತದೆ. ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಬ್ಬನು ಪೂರ್ವಕ್ಕೆ 100 ಹೆಜ್ಜೆ ನಡೆದು, ಬಳಿಕ ಉತ್ತರಕ್ಕೆ ತಿರುಗಿ 5 ಹೆಜ್ಜೆ ನಡೆದರೆ, ಹೊರಟ ಸ್ಥಳದಿಂದ ಅವನಿರುವ ದೂರ 100 ಹೆಜ್ಜೆಗಿಂತ ಎಂಟನೆಯ ಒಂದು ಹೆಜ್ಜೆಯಷ್ಟು ಮಾತ್ರ ಹೆಚ್ಚು. ಆ 5 ಹೆಜ್ಜೆಗಳನ್ನು ಪೂರ್ವಕ್ಕೇ ಇಟ್ಟಿದ್ದರೆ ದೂರ 105 ಆಗುತ್ತಿತ್ತು. ಬೆಳಕಿನ ಪ್ರಕಾಶ ತರಂಗದ ಎತ್ತರದ ವರ್ಗಕ್ಕೆ ಅನುಗುಣವಾದುದರಿಂದ, ಮೊದಲನೆಯ ಪ್ರಸಂಗದಲ್ಲಿ ಪ್ರಕಾಶದ ವ್ಯತ್ಯಾಸ ಶೇಕಡಾ ಕಾಲು ಭಾಗ; ಎರಡನೆಯದರಲ್ಲಿ ಶೇಕಡಾ 10ಕ್ಕೂ ಹೆಚ್ಚು. ಚದುರಿದ ಬೆಳಕು ಅಡ್ಡದಿಕ್ಕಿಗೆ ನಡೆದು ವ್ಯರ್ಥವಾಗುತ್ತಿದೆ. ಎರಡನ್ನೂ ಒಂದೇ ಸಾಲಿಗೆ ತಂದರೆ ಕಾಣದುದು ಕಾಣಿಸುತ್ತದೆ. ಇದೇ ಜೆರ್ನಿಕೆಯವರ ಕಾಣ್ಕೆ.

ಅದನ್ನು ಸಾಧಿಸಿದ ಉಪಾಯ ಇನ್ನೂ ಸರಳ. ವಸ್ತುಮಸೂರದ ಹಿಂದಿನ ಸಂಗಮತಲದಲ್ಲಿ ನೇರ ಬೆಳಕು ಒಂದು ಕಿರಿದಾದ ಜಾಗದಲ್ಲಿ ಕೂಡುತ್ತದೆ. ಚದುರಿದ ಬೆಳಕು ಸುತ್ತಲೂ ಹರಡಿರುತ್ತದೆ. ಅಲ್ಲಿ ಗಾಜಿನ ಫಲಕವೊಂದನ್ನಿಟ್ಟು, ನೇರ ಬೆಳಕು ಹಾಯುವ ಭಾಗವನ್ನು ಮಾತ್ರ ಅತ್ಯಲ್ಪವಾಗಿ ಕೊರೆದರೆ ಅಥವಾ ಲೇಪಿಸಿದರೆ, ಎರಡರ ನಡುವಣ ಕಾಲು ಆವರ್ತದ ಅಂತರ ಸರಿಹೋಗುತ್ತದೆ. ಅದೇ ಭಾಗವನ್ನು ತುಸು ಕಪ್ಪಾಗಿಸಿ ನೇರ ಬೆಳಕನ್ನು ತಗ್ಗಿಸಿದರೆ ವೈದೃಶ್ಯ ಮತ್ತಷ್ಟು ಏರುತ್ತದೆ. ಮೇಲಿನ ಲೆಕ್ಕದಲ್ಲಿ 100 ಹೆಜ್ಜೆಯನ್ನು 50ಕ್ಕೆ ಇಳಿಸಿದರೆ, ಅದೇ 5 ಹೆಜ್ಜೆಗಳಿಂದ ಉಂಟಾಗುವ ವ್ಯತ್ಯಾಸ ಶೇಕಡಾ 21 ಆಗುತ್ತದೆ. ಇದೇ ಪ್ರಾವಸ್ಥಾ ವೈದೃಶ್ಯ ವಿಧಾನ.

ಮುಚ್ಚಿದ ಬಾಗಿಲುಗಳು

ಅಂದಿನವರೆಗೆ ಜೀವಕೋಶವನ್ನು ಕಾಣಬೇಕಾದರೆ ಅದಕ್ಕೆ ಬಣ್ಣ ಊಡಿಸಬೇಕಾಗಿತ್ತು. ಬಣ್ಣ ಊಡಿಸಿದರೆ ಸಾಮಾನ್ಯವಾಗಿ ಕೋಶ ಸಾಯುತ್ತಿತ್ತು. ಜೀವವನ್ನು ಅರಿಯಲು ಹೊರಟವರು ಶವವನ್ನು ನೋಡಿ ತೃಪ್ತರಾಗಬೇಕಾಗಿತ್ತು. ಹೊಸ ವಿಧಾನದಿಂದ ಕೋಶವನ್ನು ಜೀವಂತವಾಗಿಯೇ ನೋಡಬಹುದೆಂಬ ಉತ್ಸಾಹದಿಂದ ಜೆರ್ನಿಕೆ 1932ರಲ್ಲಿ ಯೆನಾ ನಗರದ ಝೈಸ್ ಕಾರ್ಖಾನೆಗೆ ಹೋದರು. ಸೂಕ್ಷ್ಮದರ್ಶಕ ತಯಾರಿಕೆಯಲ್ಲಿ ಜಗತ್ತಿಗೇ ಅಗ್ರಗಣ್ಯವಾಗಿದ್ದ ಆ ಸಂಸ್ಥೆ ಅಬ್ಬೆ ಅವರದೇ ಕರ್ಮಭೂಮಿ. ಆದರೆ ಅಲ್ಲಿ ಅವರಿಗೆ ದೊರೆತುದು ಉಪೇಕ್ಷೆ. ಇದರಿಂದ ವ್ಯಾವಹಾರಿಕ ಪ್ರಯೋಜನವೇನಾದರೂ ಇದ್ದಿದ್ದರೆ ಅದನ್ನು ತಾವೇ ಎಂದೋ ಕಂಡುಹಿಡಿಯುತ್ತಿದ್ದೆವೆಂದು ಅಲ್ಲಿನ ಹಿರಿಯ ವಿಜ್ಞಾನಿಯೊಬ್ಬರು ಹೇಳಿ ಕಳುಹಿಸಿದರು. ತಮ್ಮ ಗುರುವಿನ ಸಿದ್ಧಾಂತವನ್ನೇ ಆಧರಿಸಿ ಬಂದ ಹೊಸ ಬೆಳಕನ್ನು ಆ ಗುರುವಿನ ಮನೆಯವರೇ ಗುರುತಿಸಲಾರದೆ ಹೋದರು.

ಜೆರ್ನಿಕೆ ಕಹಿಯಾಗಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ. 1934ರಲ್ಲಿ ದೂರದರ್ಶಕದ ಕನ್ನಡಿಗಳ ದೋಷವನ್ನು ಪರೀಕ್ಷಿಸಲು ಇದೇ ವಿಧಾನವನ್ನು ಬಳಸುವ ಬಗೆಯನ್ನು ಪ್ರಕಟಿಸಿದರು. ಆ ಸಂದರ್ಭದಲ್ಲಿ ಅವರು ರಚಿಸಿದ ವೃತ್ತಬಹುಪದಗಳನ್ನು ಇಂದು ಮಹಾದೂರದರ್ಶಕಗಳ ಕನ್ನಡಿಯಿಂದ ಹಿಡಿದು ಮನುಷ್ಯನ ಕಣ್ಣಿನ ದೋಷದವರೆಗೆ ಎಲ್ಲವನ್ನೂ ಅಳೆಯಲು ಉಪಯೋಗಿಸುತ್ತಾರೆ. 1938ರಲ್ಲಿ ಬೆಳಕಿನ ಸಂಸಕ್ತತೆಯನ್ನು ಕುರಿತ ಅವರ ಮಹತ್ತ್ವದ ಲೇಖನ ಹೊರಬಂದಿತು.

ಅಷ್ಟರಲ್ಲಿ ಯುದ್ಧ ಬಂದಿತು. 1940ರ ಮೇ ತಿಂಗಳಲ್ಲಿ ಹಾಲೆಂಡ್ ಜರ್ಮನ್ ಸೈನ್ಯದ ವಶವಾಯಿತು. ಸಮೀಕರಣದಲ್ಲಿ ಹೆಸರು ಹಂಚಿಕೊಂಡಿದ್ದ ಓರ್ನ್‌ಸ್ಟೈನ್, ಯೆಹೂದಿ ಎಂಬ ಒಂದೇ ಕಾರಣಕ್ಕೆ ಉಟ್ರೆಕ್ಟ್ ವಿಶ್ವವಿದ್ಯಾಲಯದ ತಮ್ಮ ಸ್ಥಾನವನ್ನು ಕಳೆದುಕೊಂಡು, 1941ರಲ್ಲಿ ತೀರಿಕೊಂಡರು. ಯುದ್ಧ ಮುಗಿಯುವ ಮುನ್ನ ಜೆರ್ನಿಕೆಯವರ ಪತ್ನಿ ಡೋರಾ ಅವರೂ ಅಗಲಿದರು. ವಿಧಿಯ ವೈಚಿತ್ರ್ಯವೆಂದರೆ, ಅವರ ಶೋಧ ಬೆಳಕು ಕಂಡುದೂ ಇದೇ ಕರಾಳ ಕಾಲದಲ್ಲಿ. ಯುದ್ಧಕ್ಕೆ ನೆರವಾಗಬಲ್ಲ ಉಪಜ್ಞೆಗಳನ್ನೆಲ್ಲ ಜರ್ಮನ್ ಸೇನೆ ಲೆಕ್ಕ ಹಾಕಿದಾಗ ಪ್ರಾವಸ್ಥಾ ವೈದೃಶ್ಯ ಸೂಕ್ಷ್ಮದರ್ಶಕವೂ ಆ ಪಟ್ಟಿಗೆ ಸೇರಿ, 1941ರಲ್ಲಿ ಯೆನಾದಲ್ಲಿ ಅದರ ತಯಾರಿಕೆಗೆ ಚಾಲನೆ ದೊರೆಯಿತು. ಅಲ್ಲಿಯೇ ಕುರ್ಟ್ ಮಿಖೆಲ್ ಅವರು ಮಿಡತೆಯ ವೀರ್ಯಜನಕ ಕೋಶಗಳು ಜೀವಂತವಾಗಿ ವಿಭಜನೆಗೊಳ್ಳುವ ದೃಶ್ಯವನ್ನು ಚಲನಚಿತ್ರವಾಗಿ ಸೆರೆಹಿಡಿದರು. ಊರೂರುಗಳಲ್ಲಿ ಸಾವು ಕುಣಿಯುತ್ತಿದ್ದಾಗ, ಒಂದು ಜೀವಕೋಶ ಎರಡಾಗುವ ಸೃಷ್ಟಿಕಾರ್ಯವನ್ನು ಜನರು ಕಣ್ಣಾರೆ ನೋಡುವಂತಾಯಿತು. ಯುದ್ಧಾನಂತರ ಇತರ ದೇಶಗಳ ಸಂಸ್ಥೆಗಳೂ ಈ ಉಪಕರಣವನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸಿದವು.

ಗೌರವವು ತಡವಾಗಿ ಬಂದರೂ ಸಮೃದ್ಧವಾಗಿ ಬಂದಿತು. 1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕ, 1953ರಲ್ಲಿ ನೊಬೆಲ್ ಪಾರಿತೋಷಕ, 1956ರಲ್ಲಿ ರಾಯಲ್ ಸೊಸೈಟಿಯ ವಿದೇಶೀ ಸದಸ್ಯತ್ವ ಅವರನ್ನು ಅರಸಿ ಬಂದವು. ಸ್ಟಾಕ್‌ಹೋಮಿನ ತಮ್ಮ ಉಪನ್ಯಾಸದಲ್ಲಿ ಅವರು ತಮ್ಮ ಜಾಣ್ಮೆಯನ್ನು ಹೊಗಳಿಕೊಳ್ಳಲಿಲ್ಲ. ಕಲಿತುದನ್ನು ಬೇಗ ಅನುಕರಿಸುವ ಮನುಷ್ಯನ ಬುದ್ಧಿ ವಿಷಯಗಳ ಆಳವಾದ ಸಂಬಂಧವನ್ನು ಅರಿಯುವಲ್ಲಿ ಎಷ್ಟು ನಿಧಾನವೆಂಬುದನ್ನು ಎತ್ತಿ ತೋರಿದರು. ನಿವೃತ್ತಿಯ ಬಳಿಕ ನಾರ್ಡನ್ ಎಂಬ ಊರಿನಲ್ಲಿ ನೆಲೆಸಿದ್ದ ಅವರು 1966ರ ಮಾರ್ಚ್ 10ರಂದು ಆಮರ್ಸ್‌ಫೋರ್ಟ್ ನಗರದಲ್ಲಿ ನಿಧನರಾದರು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸಂದ ಬಳುವಳಿ

ಜೆರ್ನಿಕೆ ಗ್ರೇಟಿಂಗಿನ ಭೂತಗಳನ್ನು ಬೆನ್ನಟ್ಟಿದ್ದ ದಿನಗಳಲ್ಲಿಯೇ, 1931ರಲ್ಲಿ, ಬರ್ಲಿನ್ನಿನಲ್ಲಿ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ಕ್ನೋಲ್ ಎಂಬವರು ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ಬಿಂಬ ಮೂಡಿಸುವ ಸೂಕ್ಷ್ಮದರ್ಶಕದ ಮೊದಲ ಮಾದರಿಯನ್ನು ಕಟ್ಟಿದ್ದರು. ಹಸಿರು ಬೆಳಕಿನ ತರಂಗದೂರ ಸುಮಾರು 550 ನ್ಯಾನೊಮೀಟರ್. 3 ಲಕ್ಷ ವೋಲ್ಟುಗಳಲ್ಲಿ ಧಾವಿಸುವ ಎಲೆಕ್ಟ್ರಾನಿನದು ಸುಮಾರು 0.002 ನ್ಯಾನೊಮೀಟರ್. ಇಷ್ಟು ಸೂಕ್ಷ್ಮವಾದ ತರಂಗದಿಂದ ಪರಮಾಣುಗಳನ್ನೇ ಬೇರ್ಪಡಿಸಿ ನೋಡುವ ಆಸೆ ಚಿಗುರಿತು. ಆದರೆ ಹಳೆಯ ತೊಡಕು ಹೊಸ ವೇಷದಲ್ಲಿ ಎದುರಾಯಿತು. ಇಂಗಾಲ, ಸಾರಜನಕ, ಆಮ್ಲಜನಕಗಳಂಥ ಹಗುರ ಪರಮಾಣುಗಳಿಂದಾದ ತೆಳುವಾದ ಜೈವಿಕ ವಸ್ತು ಎಲೆಕ್ಟ್ರಾನುಗಳನ್ನು ಹೀರುವುದಿಲ್ಲ. ಅವುಗಳ ಪ್ರಾವಸ್ಥೆಯನ್ನು ಮಾತ್ರ ಕೊಂಚ ಬದಲಿಸುತ್ತದೆ. ಪೃಥಕ್ಕರಣ ಸಾಮರ್ಥ್ಯ ಎಷ್ಟಿದ್ದರೂ ವೈದೃಶ್ಯವಿಲ್ಲದೆ ಫಲವಿಲ್ಲ. ಎಲೆಕ್ಟ್ರಾನುಗಳ ಪ್ರಮಾಣವನ್ನು ಹೆಚ್ಚಿಸೋಣವೆಂದರೆ, ಅವುಗಳ ಹೊಡೆತಕ್ಕೆ ವಸ್ತುವೇ ಹಾಳಾಗುತ್ತದೆ.

1947ರಲ್ಲಿ ಜರ್ಮನಿಯ ಹಾನ್ಸ್ ಬೋರ್ಷ್ ಅವರು ಜೆರ್ನಿಕೆಯವರ ಉಪಾಯವನ್ನು ಎಲೆಕ್ಟ್ರಾನುಗಳಿಗೂ ಅನ್ವಯಿಸಬಹುದೆಂದು ಸೂಚಿಸಿದರು. 1949ರಲ್ಲಿ ಆಟೊ ಶೆರ್ಜರ್ ಅವರು, ಮಸೂರವನ್ನು ಸರಿಯಾದ ಸಂಗಮದಿಂದ ಲೆಕ್ಕ ಹಾಕಿದಷ್ಟೇ ಸರಿಸಿದರೆ, ಅದರ ಗೋಳೀಯ ದೋಷವೂ ಕೂಡಿ ಪ್ರಾವಸ್ಥೆಯ ವ್ಯತ್ಯಾಸ ಬಿಂಬದಲ್ಲಿ ಮೂಡುವಂತೆ ಮಾಡಬಹುದೆಂದು ತೋರಿಸಿದರು. ಸಂಗಮ ಸರಿಯಾದಾಗ ಮಾಯವಾಗಿ, ತಪ್ಪಿದಾಗ ಕಾಣಿಸಿಕೊಂಡ ಗ್ರೋನಿಂಗನ್ನಿನ ಪಟ್ಟೆಗಳ ನೀತಿಯೇ ಇದು. ಬಹುಕಾಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಲಸ ಈ ದಾರಿಯಲ್ಲಿಯೇ ಸಾಗಿತು. ಆದರೆ ಇದರಲ್ಲಿ ಕೊರತೆಯೂ ಉಂಟು. ಸೂಕ್ಷ್ಮ ವಿವರಗಳು ಮೂಡಿದರೂ ವಸ್ತುವಿನ ಒಟ್ಟು ಆಕಾರ ಮಬ್ಬಾಗುತ್ತದೆ. ಕೆಲವು ವಿವರಗಳಲ್ಲಿ ಕಪ್ಪು ಬಿಳಿಗಳು ತಿರುವುಮುರುವಾಗುತ್ತವೆ.

ಬೋರ್ಷ್ ಸೂಚಿಸಿದ ಫಲಕವನ್ನು ಕಾರ್ಯರೂಪಕ್ಕೆ ತರುವುದು ಅತಿ ಕಷ್ಟದ ಕೆಲಸವಾಯಿತು. ಜಪಾನಿನಲ್ಲಿ ರಾದೊಸ್ಟಿನ್ ದಾನೆವ್ ಮತ್ತು ಕುನಿಯಾಕಿ ನಾಗಯಾಮ ಅವರು 2001ರಲ್ಲಿ ಅದನ್ನು ಸಾಧಿಸಿ ಪ್ರಕಟಿಸಿದರು. ನಡುವೆ ಅತಿ ಸಣ್ಣ ರಂಧ್ರವುಳ್ಳ ಇಂಗಾಲದ ತೆಳುಪೊರೆಯೇ ಅವರ ಫಲಕ. ನೇರ ಎಲೆಕ್ಟ್ರಾನುಗಳು ರಂಧ್ರದಲ್ಲಿ ಹಾಯುತ್ತವೆ; ಚದುರಿದವು ಪೊರೆಯನ್ನು ಹಾದು ಕಾಲು ಆವರ್ತದಷ್ಟು ಪ್ರಾವಸ್ಥೆಯನ್ನು ಬದಲಿಸಿಕೊಳ್ಳುತ್ತವೆ. ಆ ಪೊರೆಗೆ ಅವರು ಇಟ್ಟ ಹೆಸರು ಜೆರ್ನಿಕೆಯವರದೇ. ಪೊರೆ ವಿದ್ಯುದಾವಿಷ್ಟವಾಗುವುದು, ಬೇಗ ಕಲುಷಿತವಾಗುವುದು ಮುಂತಾದ ತೊಂದರೆಗಳಿಂದಾಗಿ, 2014ರಲ್ಲಿ ದಾನೆವ್ ಮತ್ತು ಜರ್ಮನಿಯ ಸಂಗಾತಿಗಳು ರಂಧ್ರವಿಲ್ಲದ, ಕಾಯಿಸಿದ ಪೊರೆಯೊಂದನ್ನು ಬಳಕೆಗೆ ತಂದರು. ಇದರಲ್ಲಿ ಎಲೆಕ್ಟ್ರಾನ್ ಕಿರಣವೇ ತನಗೆ ಬೇಕಾದ ಪ್ರಾವಸ್ಥಾ ಬದಲಾವಣೆಯನ್ನು ಪೊರೆಯ ಮೇಲೆ ಉಂಟುಮಾಡಿಕೊಳ್ಳುತ್ತದೆ. ಇದರ ನೆರವಿನಿಂದ 2017ರಲ್ಲಿ, ನಮ್ಮೆಲ್ಲರ ರಕ್ತದಲ್ಲಿರುವ ಹಿಮೊಗ್ಲೋಬಿನ್ ಎಂಬ ಚಿಕ್ಕ ಅಣುವಿನ ರಚನೆಯನ್ನು 0.32 ನ್ಯಾನೊಮೀಟರಿನಷ್ಟು ಸೂಕ್ಷ್ಮವಾಗಿ ಕಾಣಲು ಸಾಧ್ಯವಾಯಿತು. ಈ ಫಲಕಗಳು ಎಲ್ಲ ಪ್ರಯೋಗಶಾಲೆಗಳಲ್ಲಿಯೂ ನೆಲೆಯೂರಿಲ್ಲ. ಉತ್ತಮ ಪತ್ತೆಕಾರಕಗಳೂ ಗಣಕಯಂತ್ರಗಳೂ ಬಂದ ಮೇಲೆ ಶೆರ್ಜರ್ ತೋರಿದ ಹಳೆಯ ದಾರಿಯೇ ಹಲವರಿಗೆ ಸಾಕಾಗಿದೆ. ಆದರೂ ಅತಿ ಚಿಕ್ಕ ಅಣುಗಳನ್ನು ಕಾಣುವ ಹಂಬಲ ಶೋಧಕರನ್ನು ಮತ್ತೆ ಮತ್ತೆ ಜೆರ್ನಿಕೆಯವರ ಕಡೆಗೆ ಎಳೆಯುತ್ತಲೇ ಇದೆ. ಪೊರೆಯ ಬದಲು ತೀವ್ರವಾದ ಲೇಸರ್ ಕಿರಣವನ್ನೇ ಫಲಕವಾಗಿ ಬಳಸುವ ಯತ್ನ 2019ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಫಲ ನೀಡಿತು.

ಗ್ರೋನಿಂಗನ್ ವಿಶ್ವವಿದ್ಯಾಲಯದ ಒಂದು ಆವರಣವೂ ಅಲ್ಲಿನ ಪದಾರ್ಥವಿಜ್ಞಾನ ಸಂಸ್ಥೆಯೊಂದೂ ಇಂದು ಜೆರ್ನಿಕೆಯವರ ಹೆಸರನ್ನು ಹೊತ್ತಿವೆ. ಮನೆತನದಲ್ಲಿಯೂ ವಿದ್ಯೆಯ ದೀಪ ಆರಲಿಲ್ಲ; ಅವರ ಸೋದರಿಯ ಮೊಮ್ಮಗ ಗೆರಾರ್ಡ್ ಟ್ ಹೂಫ್ಟ್ 1999ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಲೆಕ್ಕ ಬಿಡಿಸಲು ಜೊತೆಗೆ ಕುಳಿತ ಉಪಾಧ್ಯಾಯ ದಂಪತಿಗಳು, ತರುಣನನ್ನು ಗುರುತಿಸಿ ಕರೆಸಿಕೊಂಡ ಕಾಪ್ಟೈನ್, ಬೇರೊಂದು ಉದ್ದೇಶಕ್ಕಾಗಿ ಪ್ರಯೋಗಶಾಲೆಗೆ ಬಂದು ಸೇರಿದ ಒಂದು ಗ್ರೇಟಿಂಗ್, ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಈ ಕಥೆ ಬೇರೆಯಾಗುತ್ತಿತ್ತು. ಇವುಗಳನ್ನು ಒದಗಿಸಿದವರಾರಿಗೂ ಮುಂದೆ ಆಗುವ ಫಲ ಗೊತ್ತಿರಲಿಲ್ಲ. ಶಾಲೆಯ ಕೋಣೆಯಲ್ಲಿ ಕುಳಿತ ಮಗುವಿನೊಳಗಿನ ಶಕ್ತಿಯೂ ಎಷ್ಟೋ ವೇಳೆ ಬಣ್ಣವಿಲ್ಲದ ಜೀವಕೋಶದಂತೆ ಕಣ್ಣಿಗೆ ಬೀಳದೆ ಉಳಿಯುತ್ತದೆ. ಅದಕ್ಕೆ ಬಣ್ಣ ಬಳಿಯುವ ಅವಸರ ಬೇಡ. ಬೆಳಕು ಹಾಯುವ ದಾರಿಯನ್ನು ತುಸು ಸರಿಪಡಿಸಿದರೆ, ಇರುವುದು ತಾನಾಗಿಯೇ ಕಾಣಿಸಿಕೊಳ್ಳುತ್ತದೆ.